ಸೊಂಟದ ಬರೆ

ಬೆಟ್ಟಮ್ಮನಿಗೆ ಜ್ವರ ಬಂದಿದೆ ಎಂದು ಮನೆಯವರಿಗೆ ಗೊತ್ತಾದದ್ದು ಅವಳು ಬೈಯುವುದನ್ನು ನಿಲ್ಲಿಸಿದ ಮೇಲೆ. ಕೊಣನೂರಿನ ಪಕ್ಕದ ಆ ಊರಲ್ಲಿ, ಬೆಟ್ಟಮ್ಮ ಬಾಯಿ ತೆಗೆಯುವ ತನಕ ಕೋಳಿ ಕೂಗುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥವಳು ಒಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದು, ಅಡುಗೆಮನೆಯ ಗೋಡೆಗೆ ಒರಗಿ ಕೂತು, ಕಣ್ಣೆದುರೇ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಸೊಸೆಯನ್ನು ಒಂದು ಮಾತು ಅನ್ನಲಿಲ್ಲ.

ಸೊಸೆ ಅನುಶ್ರೀ ಒಲೆ ಆರಿಸಿ, ಅತ್ತೆಯ ಹಣೆ ಮುಟ್ಟಿ ನೋಡಿದಳು. ಕಾದ ಹೆಂಚಿನಂತಿತ್ತು.

“ಯಾವಾಗಿಂದ ಅತ್ತೆ?”

“ಏನಿಲ್ಲ, ತಲೆ ಸಿಡೀತದೆ ಅಷ್ಟೇಯ. ಬದಿನ ಮ್ಯಾಲೆ ಕೂತ್ಕಂಡು ಹುಲ್ ಕುಯ್ದೆನಲ್ಲ, ಬಿಸ್ಲು ಬಡದದೆ. ಓಗು, ನಿನ್ ಬಸ್ಸು ಬತ್ತದೆ.”

ಅನುಶ್ರೀ ಹೊಳೆನರಸೀಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದಳು. ಗ್ಯಾಸು ಆರಿಸಿದ್ದೇನೆಯೇ ಎಂದು ಹೊಸಿಲು ದಾಟಿದ ಮೇಲೂ ವಾಪಸು ಬಂದು ನೋಡುವ ಹೆಂಗಸು. ಚನ್ನರಾಯಪಟ್ಟಣದಲ್ಲಿ ಲೈನ್‌ಮನ್ ಆಗಿದ್ದ ಗಂಡ ರವೀಂದ್ರ ಭಾನುವಾರಗಳಲ್ಲಿ ಊರಿಗೆ ಬಂದಾಗಲೆಲ್ಲ, “ನಿನ್ನ ತಲೆ ಒಂದು ಟ್ರಾನ್ಸ್‌ಫಾರ್ಮರ್ ಕಣೆ. ಲೋಡ್ ಇರಲಿ ಇಲ್ಲದಿರಲಿ, ಗುಂಯ್ ಅಂತಾನೇ ಇರ್ತದೆ,” ಎಂದು ಛೇಡಿಸುತ್ತಿದ್ದ. ಆ ದಿನ ಅವಳು ಬಸ್ಸು ಬಿಡಲೂ ಇಲ್ಲ, ಬಸ್ಸಿನಲ್ಲಿ ನೆಮ್ಮದಿಯಾಗಿ ಕೂರಲೂ ಇಲ್ಲ. ಮಳೆಗಾಲ ಆಗಷ್ಟೇ ಮುಗಿದಿತ್ತು. ದಾರಿಯುದ್ದಕ್ಕೂ ಬದುಗಳ ಮೇಲೆ ಹುಲ್ಲು ಮೊಣಕಾಲೆತ್ತರ ಬೆಳೆದು ನಿಂತಿತ್ತು. ಅದನ್ನು ನೋಡುತ್ತ ಕೂತಳು. ನೋಡಿದ್ದೆಲ್ಲ ಹೊಳೆಯುವಂತಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಮಾವ ಚನ್ನಪ್ಪ ಹೆಂಡತಿಯನ್ನು ಕೊಣನೂರಿಗೆ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದ. ಜ್ವರ ಬೆವರಿಳಿದು ಬಿಟ್ಟಿತು, ಸಂಜೆಗೆ ಮತ್ತೆ ಏರಿತು. ವಾರ ಹಾಗೇ ಹೋಗುತ್ತಿದ್ದಂತೆ ಅನುಶ್ರೀ ಹಟ ಹಿಡಿದು ಅರಕಲಗೂಡಿನ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಅಲ್ಲಿ ರಕ್ತ ತೆಗೆದರು. ಡೆಂಗಿ ಇಲ್ಲ ಎಂದಾಯಿತು, ಟೈಫಾಯ್ಡ್ ಇದೆ ಎಂದಾಯಿತು.

“ಬೇರೆ ಏನಾದರೂ ಇರಬಹುದಾ ಡಾಕ್ಟ್ರೇ? ಮೈಕೈ ನೋವು ಬಹಳ ಇದೆ. ಕೆಮ್ಮು ಶುರುವಾಗಿದೆ. ನಮ್ಮನೇಲಿ ಎಲ್ಲರೂ ಕುಡಿಯೋದು ಅದೇ ನೀರು, ಬೇರೆ ಯಾರಿಗೂ ಏನೂ ಆಗಿಲ್ಲ.”

ಡಾಕ್ಟರು ತಲೆ ಎತ್ತದೆಯೇ ನಕ್ಕರು. “ಗೂಗಲ್ ನೋಡ್ಕೊಂಡು ಬಂದಿದೀರಾ ಮೇಡಂ?”

ಹಿಂದೆ ಸಾಲಿನಲ್ಲಿ ಕೂತಿದ್ದವರು ಯಾರೋ ಕಿಸಕ್ಕೆಂದರು. ಅನುಶ್ರೀ ಮುಖ ಕೆಂಪಾಗಿಸಿಕೊಂಡು ಚೀಟಿ ತೆಗೆದುಕೊಂಡಳು. ದಿನಕ್ಕೆರಡು ಸಲ ಇಂಜೆಕ್ಷನ್ನು, ಒಂದು ಬಾಟಲಿ ಡ್ರಿಪ್ಪು. ಊರಿಂದ ಅರಕಲಗೂಡಿಗೆ, ಅರಕಲಗೂಡಿನಿಂದ ಊರಿಗೆ. ಅತ್ತೆ ದಿನದಿಂದ ದಿನಕ್ಕೆ ಬತ್ತುತ್ತ ಬಂದಳು.

ಅದರ ನಡುವೆ ಒಂದು ಸಂಜೆ ಅನುಶ್ರೀ ಕಾಲೇಜು ಮುಗಿಸಿ ಬಂದಾಗ, ಬೆಟ್ಟಮ್ಮನ ಎಡ ಮುಂಗೈ ಮೇಲೆ ಕಡಲೆಕಾಳಿನಷ್ಟು ಅಗಲದ ಕರ್ರಗಿನ ಕಲೆ ಕಂಡಿತು. ಅಂಚು ಕೆಂಪಗೆ ಉಬ್ಬಿತ್ತು. ಎಣ್ಣೆ ಕಮಟು.

“ಇದೇನಿದು? ಬರೆ ಹಾಕಿಸಿದ್ರಾ ಮಾವ?”

ಚನ್ನಪ್ಪ ಜಗಲಿಯಲ್ಲಿ ಬೀಡಿ ಆರಿಸಿದ. “ಗುಂಡಯ್ಯನ ತಾವ್ಕೆ ಓಗಿದ್ದೊ. ಅರಿಶ್ಣದ ಕೊಂಬು ಕಾಯ್ಸಿ ಒಂದ್ ಚಣ ಮುಟ್ಟುಸ್ದ. ಅಷ್ಟೇಯ. ಬರೆ ಬಿದ್ರೆ ಕಾಯ್ಲೆ ಎದರ್ಕಂಡ್ ಓಯ್ತದೆ ಕಣವ್ವ.”

“ಕಾಯಿಲೆ ಏನು ಕಳ್ಳನಾ ಮಾವ, ಹೆದರಿ ಓಡೋಕೆ? ಜ್ವರದಲ್ಲಿ ಬೆಂದಿರೋರನ್ನ ಇನ್ನೊಂದು ಸಲ ಸುಡ್ತೀರಲ್ಲ! ನಾನು ಮಕ್ಕಳಿಗೆ ಪಾಠ ಹೇಳೋಳು, ನನ್ನ ಮನೇಲೇ ಇದು ಅಂದ್ರೆ ಯಾರಿಗೆ ಮುಖ ತೋರಿಸಲಿ?”

“ನಿನ್ ಡಾಕ್ಟ್ರು ದಿನಕ್ಕೆಲ್ಡು ಸಲ ಚುಚ್ಚಿ ಏನ್ ಕಡದ್ ಕಟ್ಟೆ ಆಕ್ದ, ಏಳು,” ಎಂದು ಚನ್ನಪ್ಪ ಎದ್ದು ಕೊಟ್ಟಿಗೆಗೆ ಹೋದ.

ಬೆಟ್ಟಮ್ಮ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಅಂದಿನಿಂದ ಸೊಸೆ ಹತ್ತಿರ ಬಂದರೆ ಸಾಕು, ಕಂಬಳಿಯನ್ನು ಗಲ್ಲದ ತನಕ ಹೊದ್ದುಕೊಳ್ಳುತ್ತಿದ್ದಳು. ಮೈ ಒರೆಸುತ್ತೇನೆಂದರೆ, “ಬ್ಯಾಡ, ನಿಮ್ಮಾವ ಒರಸ್ತಾರೆ,” ಎನ್ನುವಳು. ಚನ್ನಪ್ಪ ಒರೆಸುತ್ತಿದ್ದದ್ದು ಮುಖ ಮತ್ತು ಅಂಗಾಲು, ಅಷ್ಟೇ.

ಮತ್ತೆರಡು ದಿನಕ್ಕೆ ಬೆಟ್ಟಮ್ಮನಿಗೆ ಏದುಸಿರು ಬಂತು. ಕರೆದರೆ ಓಗೊಡಲಿಲ್ಲ. ಗೋಡೆಯ ಮೇಲೆ ಯಾರೋ ಕೂತಿದ್ದಾರೆ, ಇಳಿಸಿ ಎಂದು ಬಡಬಡಿಸಿದಳು. ರವೀಂದ್ರ ಚನ್ನರಾಯಪಟ್ಟಣದಿಂದ ಕಾರು ಮಾಡಿಸಿಕೊಂಡು ಬಂದು, ಎಲ್ಲರನ್ನೂ ತುಂಬಿಕೊಂಡು ಹಾಸನದ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ. ಬಾಯಿಗೆ ಆಮ್ಲಜನಕದ ಮಾಸ್ಕು ಕಟ್ಟಿದರು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿದೆ, ಶ್ವಾಸಕೋಶದಲ್ಲಿ ನೀರಿನ ಹಾಗೆ ಏನೋ ತುಂಬುತ್ತಿದೆ, ಉಳಿಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದರು.

ಮರುದಿನ ಬೆಳಿಗ್ಗೆ ಹಿರಿಯ ಡಾಕ್ಟರು ರೌಂಡ್ಸಿಗೆ ಬಂದರು. ಹಿಂದೆ ಒಂದು ದಂಡೇ ಇತ್ತು. ಹೊಟ್ಟೆ ಒತ್ತಿ ನೋಡಲು ನರ್ಸು ಸೀರೆಯನ್ನು ತುಸು ಸಡಿಲಿಸಿದಳು. ಎಡ ಸೊಂಟದಲ್ಲಿ, ಲಂಗದ ದಾರ ಕೂರುವ ಗೆರೆಯಿಂದ ಸ್ವಲ್ಪ ಕೆಳಗೆ, ಇನ್ನೊಂದು ಕರಿ ಕಲೆ ಕಂಡಿತು. ಡಾಕ್ಟರ ಕಣ್ಣು ಅದರ ಮೇಲೆ ಬಿತ್ತು, ಅಲ್ಲಿಂದ ಮುಂಗೈಗೆ ಹೋಯಿತು, ಅಲ್ಲಿಂದ ಚನ್ನಪ್ಪನ ಮುಖಕ್ಕೆ.

“ಏನ್ರೀ ಇದು? ಬರೆ ಹಾಕ್ಸಿದೀರಾ?”

ಚನ್ನಪ್ಪ ತಲೆ ತಗ್ಗಿಸಿದ.

“ಯಾವ ಕಾಲದಲ್ಲಿದೀರಿ ನೀವು? ಮೊಬೈಲ್ ಇದೆ, ಕಾರಿದೆ, ಬುದ್ಧಿ ಮಾತ್ರ ಇಲ್ಲ. ಕೈ ಸಾಲ್ದು ಅಂತ ಸೊಂಟ ಬೇರೆ ಸುಟ್ಟಿದೀರಿ. ಇವರು ಯಾರು, ಸೊಸೆಯಾ? ಏನು ಓದಿದೀರಮ್ಮ?”

“ಎಂ.ಎಸ್ಸಿ.,” ಎಂದಳು ಅನುಶ್ರೀ.

“ಬಹಳ ಸಂತೋಷ.”

ದಂಡಿನಲ್ಲಿ ಸಣ್ಣಗೆ ನಗೆ ಹರಿಯಿತು. ಅನುಶ್ರೀಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ನಾನು ಬೇಡ ಅಂತಾನೇ ಹೇಳಿದ್ದೆ, ಸರ್. ಇವರು ಕೇಳಬೇಕಲ್ಲ,” ಎಂದು ಮಾವನ ಕಡೆ ತಿರುಗಿದಳು. ತಾನೂ ಆ ನಗುವವರ ಪಕ್ಷ ಎಂದು ತೋರಿಸಿಕೊಳ್ಳುವ ಆತುರದಲ್ಲಿ ಆ ಕಲೆಯನ್ನು ಸರಿಯಾಗಿ ನೋಡಲೇ ಇಲ್ಲ. ಡಾಕ್ಟರು ನರ್ಸಿಗೆ, “ಸುಟ್ಟ ಗಾಯಕ್ಕೆಲ್ಲ ಮುಲಾಮು ಹಚ್ಚಿ,” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ನರ್ಸು ಎರಡು ಕಲೆಗಳ ಮೇಲೂ ಬಿಳಿ ಮುಲಾಮನ್ನು ದಪ್ಪಗೆ ಬಳಿದಳು. ಮೊದಲಿಂದ ಕೊಡುತ್ತಿದ್ದ ಟೈಫಾಯ್ಡ್ ಔಷಧಿಯನ್ನೇ ಇನ್ನಷ್ಟು ಜೋರು ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಮಾಸ್ಕಿನ ಒಳಗಿನಿಂದ ಬರುತ್ತಿದ್ದ ಉಸಿರು ಗರಗಸ ಎಳೆದ ಹಾಗೆ ಕೇಳತೊಡಗಿತು. ಅನುಶ್ರೀ ಯಾರನ್ನು ಕೇಳಿದರೂ ಒಂದೇ ಉತ್ತರ: “ರಿಪೋರ್ಟ್ ಬರಲಿ.” ಯಾವ ರಿಪೋರ್ಟ್ ಎಂದರೆ, “ಎಲ್ಲಾ ಬರಲಿ.” ಅಷ್ಟರಲ್ಲಿ ಸರ್ಕಾರದ ಉಚಿತ ಚಿಕಿತ್ಸೆಯ ಯೋಜನೆಗೆ ರೇಷನ್ ಕಾರ್ಡು ಬೇಕೆಂದರು. ಅದು ಊರಲ್ಲಿತ್ತು.

“ನೀನೇ ಹೋಗಿ ತಾ. ಹಾಗೇ ಅವ್ವನ ಎರಡು ಸೀರೆ,” ಎಂದ ರವೀಂದ್ರ. “ಇಲ್ಲಿ ಕೂತ್ರೆ ನೀನು ನರ್ಸುಗಳನ್ನ ಪ್ರಶ್ನೆ ಕೇಳೇ ಸಾಯಿಸ್ತೀಯ.”

ಬಸ್ಸಿನಲ್ಲಿ ಕೂತಾಗ ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಗೂಗಲ್ ಎಂದು ನಕ್ಕವರ ಮೇಲೆ, ಸಂತೋಷ ಎಂದವರ ಮೇಲೆ, ಗಂಡನ ಮೇಲೆ. ಆದರೆ ಸಿಟ್ಟು ಇಳಿಸಲು ಕೈಗೆ ಸಿಗುವ ಜೀವ ಒಂದೇ ಇತ್ತು: ಗುಂಡಯ್ಯ. ಕೊಣನೂರಿನಲ್ಲಿ ಬಸ್ಸಿಳಿದವಳು ಊರಿನ ಆಟೋ ಹತ್ತದೆ ನೇರ ಅವನ ಅಂಗಡಿಗೆ ನಡೆದಳು. ಅಂದು ಸಂತೆ. ರಸ್ತೆಯ ಎರಡೂ ಕಡೆ ಸೊಪ್ಪು, ಈರುಳ್ಳಿ ರಾಶಿಗಳ ನಡುವೆ ಜಾಗ ಬಿಡಿಸಿಕೊಂಡು ಹೋದಳು.

ಗುಂಡಯ್ಯನದು ಪುಟ್ಟ ದಿನಸಿ ಅಂಗಡಿ. ಬರೆ ಹಾಕುವುದು ಅವನ ಅಪ್ಪನಿಂದ ಬಂದ ವಿದ್ಯೆ. ಅದಕ್ಕೆ ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆಂದು ಒಂದು ತೆಂಗಿನಕಾಯಿ ಮಾತ್ರ ತೆಗೆದುಕೊಳ್ಳುತ್ತಿದ್ದ. ಆ ಕಾಯಿಯನ್ನು ಸಂತೆಯ ದಿನ ಅದೇ ಅಂಗಡಿಯಲ್ಲಿ ಮಾರುತ್ತಿದ್ದ.

“ಏನವ್ವಾ ಮೇಡಮ್ಮೋರು, ಅಪ್ರೂಪಕ್ಕೆ! ಬೆಟ್ಟಕ್ಕ ಎಂಗವ್ಳೆ?”

“ಸಾಯೋಕೆ ಬಿದ್ದಿದಾರೆ. ಹಾಸನದಲ್ಲಿ,” ಎಂದಳು ಅನುಶ್ರೀ. ಅಂಗಡಿ ಮುಂದಿದ್ದವರೆಲ್ಲ ತಿರುಗಿ ನೋಡಿದರು. “ನಿಮ್ಮ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬೇಕು ಅಂತಿದೀನಿ. ಕೈಗೆ ಹಾಕಿದ್ದು ಸಾಲದು ಅಂತ ಸೊಂಟಕ್ಕೂ ಸುಟ್ಟಿದೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ?”

ಗುಂಡಯ್ಯನ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. “ಎಲ್ಲಿಗೆ?”

“ಸೊಂಟಕ್ಕೆ.”

“ಸೊಂಟಕ್ಕಾ!” ಅವನು ತಕ್ಕಡಿಯನ್ನು ದಡಕ್ಕನೆ ಇಟ್ಟ. “ಬಾಯ್ ತೊಳ್ಕಂಡು ಮಾತಾಡವ್ವ. ನಾನು ಮಕ್ಕಳೊಂದಿಗ. ನಮ್ಮಪ್ಪನ ಕಾಲ್ದಿಂದ್ಲೂ ಎಣ್ಮಕ್ಳಿಗೆ ಮುಂಗೈ ದಾಟಿ ಕೊಂಬು ಮುಟ್ಸಿಲ್ಲ. ಗಂಡಸ್ರಿಗೆ ಒಟ್ಟೆ ಮ್ಯಾಲೂ ಆಕ್ತೀನಿ, ಬೆನ್ ಮ್ಯಾಲೂ ಆಕ್ತೀನಿ. ಎಂಗಸ್ರ ಸೊಂಟ ಮುಟ್ದೋನು ಈ ಅಂಗ್ಡೀಲಿ ಕೂರಾಕಾಯ್ತದಾ? ಕೇಳು, ಇವ್ಳೇ ಅವ್ಳೆ ನನ್ನೆಂಡ್ತಿ, ಕೇಳು!”

ಒಳಗಿನಿಂದ ಹೆಂಡತಿಯ ದನಿ ಬಂತು. “ಮುಟ್ಟಿದ್ರೆ ನಾನೇ ಕೊಂಬು ಕಾಯ್ಸಿ ಮಡಗ್ತಿದ್ದೆ ಅವನ್ ಮೂತಿಗೆ!”

ಜನ ಗೊಳ್ಳೆಂದು ನಕ್ಕರು. ಅನುಶ್ರೀ ನಗಲಿಲ್ಲ. ಅಂಗಡಿಯ ಪಕ್ಕಕ್ಕೆ ಸರಿದು ಮಾವನಿಗೆ ಫೋನು ಹಚ್ಚಿದಳು.

“ಮಾವ, ಅತ್ತೆಯ ಸೊಂಟಕ್ಕೆ ಯಾರು ಬರೆ ಹಾಕಿದ್ದು?”

“ಸೊಂಟಕ್ಕಾ? ಯಾರೂ ಇಲ್ವಲ್ಲವ್ವ.”

“ಮತ್ತೆ ಆ ಡಾಕ್ಟರು ಕೇಳಿದಾಗ ಯಾಕೆ ಸುಮ್ನೆ ನಿಂತಿದ್ರಿ?”

“ಅವ್ರು ಬಯ್ತಾ ಇದ್ರಲ್ಲ. ಬಯ್ಯೋರ್ ಮುಂದೆ ಏನೇಳನ? ಒಂದಕ್ಕೂ ಬಯ್ತಾರೆ, ಎಲ್ಡಕ್ಕೂ ಬಯ್ತಾರೆ, ಒಂದೇ ಕಿತ ಮುಗೀಲಿ ಅಂತ ಸುಮ್ಕಾದೆ.” ಸ್ವಲ್ಪ ತಡೆದು, “ನಿಮ್ಮತ್ತೆ ಏಳಿದ್ಲು ಕಣವ್ವ. ಲಂಗದ ದಾರ ಉಜ್ಜಿ ಕರ್ರಗೆ ಉಣ್ಣಾಗದೆ ಅಂತ. ಜ್ವರಕ್ ಮುಂಚೇನೇಯ. ನಿನ್ ತಾವ ಏಳ್ಬ್ಯಾಡಿ, ಅದ್ಕೂ ರೇಗ್ತಾಳೆ ಅಂದ್ಲು,” ಎಂದ.

ಅನುಶ್ರೀ ಫೋನು ಕಿವಿಗೆ ಒತ್ತಿಕೊಂಡೇ ನಿಂತಳು. ಸೊಪ್ಪಿನವಳು ಹಾದಿ ಬಿಡವ್ವ ಎಂದು ಬುಟ್ಟಿಯಿಂದ ತಳ್ಳಿದಾಗ ಎಚ್ಚರವಾಯಿತು. ಆಗಷ್ಟೇ ಹಾಸನದ ಕಡೆಗೆ ಹೊರಟಿದ್ದ ಬಸ್ಸನ್ನು ಓಡಿ ಹತ್ತಿದಳು. ರೇಷನ್ ಕಾರ್ಡು ಊರಲ್ಲೇ ಉಳಿಯಿತು.

ಸೀಟು ಸಿಗಲಿಲ್ಲ. ಕಂಬಕ್ಕೆ ಒರಗಿ, ಒಂದೇ ಕೈಯಲ್ಲಿ ಮೊಬೈಲು ಹಿಡಿದು, ಜ್ವರ, ಸುಟ್ಟಂಥ ಕಪ್ಪು ಕಲೆ, ಹುಲ್ಲು ಎಂದು ಬರೆದು ಹುಡುಕಿದಳು. ಎರಡನೆಯ ಸಾಲಿಗೇ ಬಂತು: ಸ್ಕ್ರಬ್ ಟೈಫಸ್. ಹುಲ್ಲಿನಲ್ಲಿ, ಪೊದೆಯಲ್ಲಿ ಇರುವ ನುಸಿಯ ಮರಿ, ಕಣ್ಣಿಗೂ ಕಾಣದಷ್ಟು ಸಣ್ಣದು, ಬಟ್ಟೆ ಬಿಗಿಯಾಗಿ ಕೂರುವ ಕಡೆ ಹತ್ತಿ ಕಚ್ಚುತ್ತದೆ. ನೋವಿಲ್ಲ, ತುರಿಕೆಯೂ ಇಲ್ಲದಿರಬಹುದು. ಅಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ, ಸಿಗರೇಟಿನಿಂದ ಸುಟ್ಟ ಹಾಗೆ. ಮಳೆಗಾಲದ ಕೊನೆಗೆ ಹೆಚ್ಚು. ಟೈಫಾಯ್ಡಿಗೆ ಕೊಡುವ ಇಂಜೆಕ್ಷನ್ನು ಇದಕ್ಕೆ ನಾಟುವುದಿಲ್ಲ. ಇದಕ್ಕೆ ಹಳೆಯ ಕಾಲದ ಬೇರೆ ಗುಳಿಗೆ ಇದೆ, ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುವಂಥದ್ದು. ತಡವಾದಷ್ಟೂ ಶ್ವಾಸಕೋಶ, ಮೂತ್ರಪಿಂಡ, ಮಿದುಳು.

ಎಲ್ಲವೂ ಅಲ್ಲಿ ಬರೆದಿತ್ತು. ಯಾರು ಬೇಕಾದರೂ ಓದಬಹುದಾಗಿತ್ತು.

ಆಸ್ಪತ್ರೆಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ರವೀಂದ್ರನಿಗೆ ಮಾಡಿದಳು.

“ಡಾಕ್ಟರ್ ಹತ್ರ ಹೋಗಿ ಹೇಳ್ರೀ, ಅದು ಬರೆ ಅಲ್ಲ ಅಂತ. ಈಗಲೇ.”

“ಏನು ಅಲ್ಲ?”

“ಸೊಂಟದ್ದು ಬರೆ ಅಲ್ಲ! ಹುಳ ಕಚ್ಚಿರೋದು!”

“ನಾನು ಕಂಬ ಹತ್ತೋನು ಕಣೆ. ಡಾಕ್ಟರಿಗೆ ನಾನು ಪಾಠ ಹೇಳಲಾ? ಬಂದು ನೀನೇ ಹೇಳು. ಕಾರ್ಡ್ ಸಿಕ್ತಾ?”

ಬಸ್ಸು ಅರಕಲಗೂಡಿನ ನಿಲ್ದಾಣದಲ್ಲಿ ನಿಂತಿತು. ಡ್ರೈವರು ಇಳಿದು ಟೀ ಕುಡಿದ. ಕಂಡಕ್ಟರು ಯಾರದೋ ಮದುವೆ ಮಾತಿಗೆ ನಿಂತ. ಅನುಶ್ರೀ ಕಿಟಕಿಯಿಂದ ತಲೆ ಹೊರಹಾಕಿ, “ಅಣ್ಣಾ, ಒಂದು ಜೀವ ಹೋಗ್ತಾ ಇದೆ,” ಎಂದಳು. “ಟೈಮಿಗೆ ಬುಡ್ತೀವಿ ಕುಂತ್ಕಳಮ್ಮ,” ಎಂದ ಡ್ರೈವರು, ಲೋಟದ ತಳ ಕಾಣುವ ತನಕ ಹೀರುತ್ತ.

ಅವಳು ವಾರ್ಡು ಮುಟ್ಟಿದಾಗ ಹಿರಿಯ ಡಾಕ್ಟರು ಹೊರಟುಹೋಗಿದ್ದರು. ಮೇಜಿನ ಹಿಂದೆ ಒಬ್ಬಳು ಎಳೆಯ ಡಾಕ್ಟರು ಕೂತಿದ್ದಳು. ನಿಧಿ ಎಂದು ಹೆಸರಿನ ಪಟ್ಟಿಯಲ್ಲಿತ್ತು. ಬೆಳಿಗ್ಗೆಯ ದಂಡಿನಲ್ಲಿ ಇದ್ದವಳೇ. ಕಣ್ಣ ಕೆಳಗೆ ನಿದ್ದೆಗೆಟ್ಟ ಗೆರೆ.

“ಅತ್ತೆಯ ಸೊಂಟದಲ್ಲಿರೋದು ಬರೆ ಅಲ್ಲ, ಡಾಕ್ಟರ್.”

“ಬೆಳಿಗ್ಗೆ ನೀವೇ ಒಪ್ಪಿಕೊಂಡ್ರಲ್ಲ.”

“ಒಪ್ಪಿಕೊಳ್ಳಲಿಲ್ಲ. ಸುಮ್ಮನಿದ್ವಿ. ಕೇಳಿದ ರೀತಿಗೆ ಸುಮ್ಮನಿದ್ವಿ.” ಅನುಶ್ರೀ ಉಸಿರು ಹಿಡಿದುಕೊಂಡು, ಒಂದೊಂದೇ ಮಾತು ಆರಿಸಿ ಹೇಳಿದಳು. “ಬರೆ ಹಾಕಿದವನನ್ನ ಕೇಳಿ ಬಂದಿದೀನಿ. ಅವನು ಹೆಂಗಸರಿಗೆ ಮುಂಗೈ ಬಿಟ್ಟು ಬೇರೆಲ್ಲೂ ಹಾಕೋದಿಲ್ಲ. ಜ್ವರಕ್ಕೆ ಮೊದಲೇ ಈ ಕಲೆ ಇತ್ತು. ಅತ್ತೆ ದಿನಾ ಬದುವಿನ ಮೇಲೆ ಕೂತು ಹುಲ್ಲು ಕುಯ್ತಾರೆ. ನನ್ನ ಮಾತು ನಂಬಬೇಡಿ. ಆ ಮುಲಾಮು ಒರೆಸಿ ಒಂದು ಸಲ ನೋಡಿ. ಅಷ್ಟೇ.”

ನಿಧಿ ಪೆನ್ನು ಇಟ್ಟಳು. ಏನೋ ಹೇಳಹೊರಟು, ಹೇಳದೆ ಎದ್ದಳು. ಪರದೆ ಎಳೆದು, ಲಂಗದ ದಾರ ಸಡಿಲಿಸಿ, ಒದ್ದೆ ಹತ್ತಿಯಿಂದ ಬಿಳಿ ಮುಲಾಮನ್ನು ಒರೆಸಿದಳು. ಮೊಬೈಲಿನ ಬೆಳಕು ಬಿಟ್ಟಳು. ಮೊದಲು ಮುಂಗೈಯ ಬರೆಯನ್ನು ಒತ್ತಿದಳು. ಅಷ್ಟು ಮಂಪರಿನಲ್ಲೂ ಬೆಟ್ಟಮ್ಮ ನರಳಿ ಕೈ ಎಳೆದುಕೊಂಡಳು. ಆಮೇಲೆ ಸೊಂಟದ ಕಲೆಯ ಸುತ್ತ ಒತ್ತಿದಳು. ಬೆಟ್ಟಮ್ಮ ಮಿಸುಕಲಿಲ್ಲ. ನಡುವೆ ಕಪ್ಪು ಹಕ್ಕಳೆ, ಸುತ್ತ ಬಳೆ ಇಟ್ಟಂತೆ ಕೆಂಪು. ಪಕ್ಕದ ತೊಡೆಸಂದಿಯಲ್ಲಿ ಗಂಟು ಸಿಕ್ಕಿತು.

“ಅಯ್ಯೋ ದೇವರೇ,” ಎಂದಳು ನಿಧಿ, ತನಗಷ್ಟೇ.

ಹೊರಗೆ ಬಂದು ಹಿರಿಯರಿಗೆ ಫೋನು ಮಾಡಿದಳು. ಅನುಶ್ರೀಗೆ ಒಂದೇ ಕಡೆಯ ಮಾತು ಕೇಳುತ್ತಿತ್ತು. “ಇಲ್ಲ ಸರ್, ಸುಟ್ಟಿದ್ದಲ್ಲ... ಹೌದು ಸರ್, ನಾನೂ ಬೆಳಿಗ್ಗೆ ಅಲ್ಲೇ ಇದ್ದೆ... ರಕ್ತ ಕಳಿಸ್ತೀನಿ, ಆದ್ರೆ ಅದು ಬರೋ ತನಕ ಕಾಯೋದು ಬೇಡ ಸರ್... ಎರಡೂ ಔಷಧಿ ಡ್ರಿಪ್ಪಲ್ಲೇ ಶುರು ಮಾಡ್ತೀನಿ.” ಫೋನಿಟ್ಟು ಅನುಶ್ರೀಯ ಕಡೆ ತಿರುಗಿದಳು. “ಇಷ್ಟು ಜೋರಾದಾಗ ಒಂದೇ ಔಷಧಿಗಿಂತ ಎರಡನ್ನ ಒಟ್ಟಿಗೆ ಕೊಟ್ರೆ ತೊಡಕು ಕಡಿಮೆ ಅಂತ ಈಚೆಗೆ ನಮ್ಮ ದೇಶದ ಆಸ್ಪತ್ರೆಗಳಲ್ಲೇ ಪ್ರಯೋಗ ಮಾಡಿ ತೋರಿಸಿದಾರೆ. ಆದ್ರೆ ನಾವು ತಡವಾಗಿದೀವಿ. ಅದನ್ನೂ ಹೇಳಿಬಿಡ್ತೀನಿ.”

“ಪ್ರಯೋಗ ಮಾಡಿದಾರೆ, ಔಷಧಿ ಇದೆ, ಎಲ್ಲ ಬರೆದಿಟ್ಟಿದಾರೆ,” ಎಂದಳು ಅನುಶ್ರೀ. “ಮತ್ತೆ ಇಷ್ಟು ದಿನ, ಇಷ್ಟು ಜನ, ಒಬ್ಬರೂ ಯಾಕೆ ನೋಡಲಿಲ್ಲ?”

“ಹೆಂಗಸರ ಲಂಗದ ದಾರ ಸಡಿಲಿಸಿ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ ಮೇಡಂ. ಪುರುಸೊತ್ತಿದ್ರೆ ಸಂಕೋಚ. ಇಲ್ಲಿ ನಾವು ನೋಡಿಯೂ—” ನಿಧಿ ಅಲ್ಲಿಗೆ ನಿಲ್ಲಿಸಿ, ನರ್ಸನ್ನು ಕೂಗುತ್ತ ಒಳಗೆ ಹೋದಳು.

ರವೀಂದ್ರ ಬಂದು ಕೇಳಿದ, “ಕಾರ್ಡ್ ಎಲ್ಲೇ?”

ಅನುಶ್ರೀ ಆ ಬೆಂಚಿನ ಮೇಲೆ ಕೂತು, ಮದುವೆಯಾದ ಮೇಲೆ ಮೊದಲ ಸಲ, ನಾಲ್ಕು ಜನರೆದುರು ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದಳು. ಚನ್ನಪ್ಪ ತಲೆಯೆತ್ತದೆ, “ಬಯ್ಲಿ ಬುಡ್ಲಾ, ಇವತ್ತು ಮನೇಲಿ ಬಯ್ಯೋರು ಬೇರೆ ಯಾರೂ ಇಲ್ಲ,” ಎಂದ. ಹೇಳಿ, ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ.

ಮೊದಲ ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನ ಜ್ವರ ಇಳಿಯಿತು, ಮತ್ತೆ ಏರಲಿಲ್ಲ. ಉಸಿರು ಸಡಿಲವಾಗಲು ಇನ್ನೂ ಹೊತ್ತು ಹಿಡಿಯಿತು. ಒಂದು ಬೆಳಿಗ್ಗೆ ಅನುಶ್ರೀ ಕಾಫಿ ತರಲು ಹೋಗಿದ್ದವಳು ಕಾರಿಡಾರಿನ ತುದಿಯಿಂದಲೇ ಕೇಳಿಸಿಕೊಂಡಳು: “ಸೂಜಿ ಚುಚ್ತೀಯೋ ಗುಳ ಊಳ್ತೀಯೋ? ಕೈ ನೋಡು ಕೈಯ! ಎತ್ತಿನ್ ಚರ್ಮ ಅನ್ಕಂಡಿದೀಯಾ?” ನರ್ಸು ಏನೋ ಸಮಾಧಾನ ಹೇಳಿದಳು. “ಆಂ? ಗಟ್ಟಿಯಾಗಿ ಒದರು, ಕಿವಿ ಕೇಳಾಕಿಲ್ಲ!” ಅನುಶ್ರೀ ಗೋಡೆಗೆ ಒರಗಿ ನಿಂತು, ಕಾಫಿ ಆರುವ ತನಕ ಅತ್ತಳು. ಕಿವಿ ಮಂದವಾದದ್ದೂ ಅದೇ ಕಾಯಿಲೆಯ ಲಕ್ಷಣ, ಬಹುಶಃ ಸರಿಹೋಗುತ್ತದೆ ಎಂದಳು ನಿಧಿ. ಬಹುಶಃ ಎನ್ನುವ ಮಾತನ್ನು ಅನುಶ್ರೀ ಮನಸ್ಸಿನಲ್ಲಿ ಮಡಚಿಟ್ಟುಕೊಂಡಳು.

ಮನೆಗೆ ಕಳಿಸುವ ದಿನ ಹಿರಿಯ ಡಾಕ್ಟರು, ಹೊಸ ಹುಡುಗರ ದಂಡಿಗೆ, “ಈ ಕೇಸಿನಲ್ಲಿ ಸ್ಕ್ರಬ್ ಟೈಫಸ್ ಅಂತ ನಮಗೆ ಮೊದಲೇ ಸಂಶಯ ಇತ್ತು,” ಎಂದು ವಿವರಿಸುತ್ತಿದ್ದರು. ನಿಧಿ ನೆಲ ನೋಡಿದಳು. ಅನುಶ್ರೀ ಬಾಯಿ ತೆರೆದಳು. ರವೀಂದ್ರ ಅವಳ ಕೈ ಅದುಮಿದ.

ಊರಿನಲ್ಲಿ ಇನ್ನೂ ಚೆನ್ನಾಗಿತ್ತು. ನೋಡಲು ಬಂದವರಿಗೆಲ್ಲ ಚನ್ನಪ್ಪ, “ಗುಂಡಯ್ಯನ ಬರೆ ಕಣಪ್ಪ ಆಡಿದ್ದು. ಬಿದ್ದ್ ತಕ್ಷಣ ಕಾಯ್ಲೆ ಎದರ್ಕಂಡು ಒಳೀಕ್ ಓತು, ಆಮ್ಯಾಕೆ ಡಾಕ್ಟ್ರು ಇಡ್ಕಂಡ್ರು,” ಎಂದು ಹೇಳುತ್ತಿದ್ದ. ಒಂದು ಗೊನೆ ಬಾಳೆಹಣ್ಣು ಗುಂಡಯ್ಯನ ಅಂಗಡಿಗೆ ಹೋಯಿತು. ಅರಕಲಗೂಡಿನವರು ಮೊದಲೇ ಟೈಫಾಯ್ಡ್ ಅಂದಿದ್ದರಲ್ಲ, ಇದೂ ಅದರ ತಮ್ಮನೇ ಅಲ್ಲವೇ, ಹೆಸರು ಹಾಗೇ ಇದೆ ಎಂದು ಇನ್ನು ಕೆಲವರು. ಅನುಶ್ರೀ ಮೊದಮೊದಲು ಕೂತು ವಿವರಿಸುತ್ತಿದ್ದಳು: ಹುಲ್ಲಿಗೆ ಹೋದರೆ ಮೈ ಮುಚ್ಚುವ ಬಟ್ಟೆ ಹಾಕಿ, ನೆಲದ ಮೇಲೆ ಹಾಗೇ ಕೂರಬೇಡಿ, ಬಂದ ತಕ್ಷಣ ಬಟ್ಟೆ ಬದಲಿಸಿ ಸ್ನಾನ ಮಾಡಿ. ಜನ ಹೂಂ ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಬೀದಿಯಲ್ಲಿ ಒಬ್ಬ, “ಮೇಡಮ್ಮೋರೇ, ಹುಲ್ಲಿಗೆ ಓಗೋವಾಗ ಕೋಟು ಬೂಟು ಆಕ್ಕಂಡ್ ಓಗ್ಬೇಕಂತೆ, ದಿಟ್ವಾ?” ಎಂದು ನಗಿಸಿದ. ಅವಳು ವಿವರಿಸುವುದನ್ನು ಬಿಟ್ಟಳು.

ಹೀಗಿರುವಾಗ ಪಕ್ಕದ ಮನೆಯ ಶಿವಗಂಗಮ್ಮನಿಗೆ ಜ್ವರ ಬಂತು. ಬೆಟ್ಟಮ್ಮನ ಜೊತೆ ಅದೇ ಬದುವಿನಲ್ಲಿ ಹುಲ್ಲು ಕುಯ್ಯುವವಳು. ಮಗ ಅಶೋಕ ಬೈಕು ತೆಗೆದು, ಒಂದು ತೆಂಗಿನಕಾಯಿ ಚೀಲಕ್ಕೆ ಹಾಕಿ, ಅವ್ವನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದ. ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅನುಶ್ರೀ ಓಡಿಹೋಗಿ ಹ್ಯಾಂಡಲ್ ಹಿಡಿದಳು.

“ಅಶೋಕ, ಮೊದಲು ಆಸ್ಪತ್ರೆಗೆ ಕರಕೊಂಡು ಹೋಗಪ್ಪ. ನಾನೂ ಬರ್ತೀನಿ.”

“ಬುಡಕ್ಕ, ನಿಮ್ಮತ್ತೆಗೇ ಗುಂಡಯ್ಯನ ಬರೆ ಆಗಿಬತ್ತು. ನಮಗ್ಯಾಕ್ ಬ್ಯಾಡ?”

“ಅತ್ತೆಗೆ ಆಗಿಬಂದದ್ದು ಬರೆ ಅಲ್ಲ ಅಂತ ಎಷ್ಟು ಸಲ ಹೇಳೋದು!”

“ನಿಮ್ಮಾವ್ನೇ ಏಳ್ತಾವ್ನೆ, ನೀವೊಬ್ರು ಬ್ಯಾರೆ ಏಳ್ತೀರಿ.”

ಅಷ್ಟರಲ್ಲಿ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಬೆಟ್ಟಮ್ಮ ಎದ್ದಳು. ಕಿವಿ ಇನ್ನೂ ಪೂರಾ ತೆರೆದಿರಲಿಲ್ಲ. ಆದರೆ ಬೈಕು, ತೆಂಗಿನಕಾಯಿ, ಸೊಸೆಯ ಮುಖ, ಮೂರನ್ನೂ ನೋಡಿದ್ದಳು. ಗೋಡೆ ಹಿಡಿದು ಇಳಿದು ಬಂದು ಶಿವಗಂಗಮ್ಮನ ರಟ್ಟೆ ಹಿಡಿದಳು.

“ಇಳಿಯೇ ಕೆಳೀಕೆ. ಒಳೀಕ್ ನಡಿ.”

“ಯಾಕವ್ವ?”

“ಸೊಂಟ ನೋಡ್ಬೇಕು ನಿಂದು.”

“ಥೂ ಬುಡು, ನಡುಬೀದೀಲಿ ಮಾನ ಕಳೀತೀಯ. ನಾಚ್ಕೆ ಇಲ್ವಾ ನಿಂಗೆ?”

“ನಂಗೂ ಇತ್ತು ನಾಚ್ಕೆ. ನಾಚ್ಕಂಡು ಮುಚ್ಕಂಡಿದ್ದುಕ್ಕೆ ಆಸನ್ದಲ್ಲಿ ಮೂತಿಗೆ ಪೈಪಾಕಿ ಮಲಗ್ಸಿದ್ರು. ಕಂಡೋರೆಲ್ಲ ನೋಡುದ್ರು, ನನ್ ಸೊಸೆ ಒಬ್ಳನ್ನ ಬುಟ್ಟು. ನಡಿಯೇ!” ಶಿವಗಂಗಮ್ಮನನ್ನು ಒಳಗೆ ತಳ್ಳಿ, ಬಾಗಿಲಲ್ಲಿ ತಿರುಗಿ ಸೊಸೆಗೆ ಕೂಗಿದಳು, “ಏನ್ ಗರ ಬಡ್ದಂಗೆ ನಿಂತಿದೀಯ? ಬ್ಯಾಟ್ರಿ ತಕಂಡ್ ಬಾ!”

ನಡುಮನೆಯ ಬಾಗಿಲು ಹಾಕಿಕೊಂಡರು. ಅನುಶ್ರೀ ಮಂಡಿಯೂರಿ, ಟಾರ್ಚು ಬಿಟ್ಟು, ಸೊಂಟದ ಸುತ್ತ ದಾರದ ಗೆರೆಯುದ್ದಕ್ಕೂ ನೋಡಿದಳು. ಚರ್ಮ ಸ್ವಚ್ಛವಾಗಿತ್ತು.

“ಇಲ್ಲ ಅತ್ತೆ.”

“ಆಂ?”

“ಇಲ್ಲ!”

“ಇಲ್ದೆ ಎಲ್ಲೋಯ್ತದೆ? ಸಂದಿಗೊಂದಿ ನೋಡು. ಓದ್ದೋಳು ನಾನಾ ನೀನಾ?”

ಮೊಣಕಾಲ ಹಿಂದೆ ಇಲ್ಲ. ಎದೆಯ ಕೆಳಗಿನ ಮಡಿಕೆಯಲ್ಲಿ ಇಲ್ಲ. ಶಿವಗಂಗಮ್ಮ ಗೊಣಗುತ್ತ, ಕಣ್ಣು ಮುಚ್ಚಿಕೊಂಡು, ರವಿಕೆ ಬಿಚ್ಚಿ ತೋಳೆತ್ತಿದಳು. ಬಲ ಕಂಕುಳಿನ ಆಳದಲ್ಲಿ, ಬೆವರಿನಲ್ಲಿ ಹೊಳೆಯುತ್ತ, ಕಡಲೆಕಾಳಿಗಿಂತ ಸಣ್ಣದು, ಕರ್ರಗೆ, ಸುತ್ತ ಕೆಂಪು. ಅನುಶ್ರೀ ಬೆರಳಿಟ್ಟು ಒತ್ತಿದಳು. “ನೋವಾಗ್ತದಾ ಗಂಗಕ್ಕ?”

“ಎಲ್ಲಿ? ಏನದೆ ಅಲ್ಲಿ?” ಎಂದಳು ಶಿವಗಂಗಮ್ಮ.

ಅನುಶ್ರೀ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಬೆಟ್ಟಮ್ಮನಿಗೆ ಕೇಳಿಸಬೇಕಾದ್ದು ಏನೂ ಇರಲಿಲ್ಲ. ದಡಾರನೆ ಬಾಗಿಲು ತೆರೆದಳು. ಕಾಯಿಲೆಗೆ ಮುಂಚಿನ ಅದೇ ದನಿ ಬೀದಿಯ ತುದಿಯ ತನಕ ಹೋಯಿತು.

“ಲೇ ಅಶೋಕ! ಗಾಡಿ ಅರಕ್ಲುಗೂಡಿನ ಸರ್ಕಾರಿ ಆಸ್ಪತ್ರೆ ಕಡೀಕೆ ತಿರುಗ್ಸ್ಲಾ! ನಮ್ ಅನು ಬತ್ತಾಳೆ ಜತೇಲಿ, ಅವ್ಳು ಏನ್ ಏಳ್ತಾಳೋ ಅದನ್ನೇ ಡಾಕ್ಟ್ರಿಗೆ ಏಳು. ಕಂಕ್ಳು ತೋರ್ಸದೆ ಬಂದ್ರೆ ನಿನ್ ಕಾಲ್ ಮುರೀತೀನಿ!”

ಅನುಶ್ರೀ ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟಿದಳು. ಅಷ್ಟೂ ದಿನಗಳಲ್ಲಿ ಮೊದಲ ಸಲ ಊರಿನಲ್ಲಿ ಯಾರೋ ತನ್ನ ಮಾತು ಕೇಳಿದ್ದಾರೆ ಅನ್ನಿಸಿತು. ಆಗ ಹಿಂದಿನಿಂದ ಬೆಟ್ಟಮ್ಮ ಮತ್ತೆ ಕೂಗಿದಳು.

“ಆ ಕಾಯಿ ಚೀಲದಲ್ಲೇ ಇರ್ಲಿ. ಬರ್ತಾ ಗುಂಡಯ್ಯನ ತಾವ್ಲೂ ಒಂದ್ ಬರೆ ಆಕುಸ್ಕಂಡೇ ಬನ್ನಿ, ಯಾವುದಕ್ಕೂ!”

ಅನುಶ್ರೀ ತಿರುಗಿದಳು. ಬಾಯಿ ತೆರೆದಳು. ಆಗಲೇ ಬೈಕು ಹತ್ತಿದ್ದ ಶಿವಗಂಗಮ್ಮ ಜ್ವರಕ್ಕೆ ನಡುಗುತ್ತ ಅವಳಿಗಾಗಿ ಮುಂದೆ ಸರಿದು ಜಾಗ ಮಾಡುತ್ತಿದ್ದಳು. ಅನುಶ್ರೀ ಬಾಯಿ ಮುಚ್ಚಿ, ಚೀಲದಿಂದ ತೆಂಗಿನಕಾಯಿ ತೆಗೆದು ಜಗಲಿಯ ಮೇಲಿಟ್ಟು, ಹತ್ತಿ ಕೂತಳು.